ಘಾಟಿ ಹತ್ತೋದು ವರ್ಷಕ್ಕೆ 120 ಕಿಲೋಮೀಟರ್

ಎರಡು ವಾರದಿಂದ ತೋಟದ ವಿಷಯ ಏನೂ ಬರೆದಿಲ್ಲ. ಮೊದಲ ಕೊಯ್ಲು ನಡೀತಿದೆ, ಅಡಿಕೆ ಸುಲಿಯೋದು, ಬೇಯಿಸೋದು ಎಲ್ಲ ಇದೆ. ಆದ್ರೆ ರಾತ್ರಿ ಊಟಕ್ಕೆ ಕೂತರೆ ನಮ್ಮನೇಲಿ ಕಾರಿನ ಮಾತು ಬಿಟ್ರೆ ಬೇರೆ ಮಾತಿಲ್ಲ. ಹಾಗಾಗಿ ಇವತ್ತು ಅದನ್ನೇ ಬರೀತೀನಿ. ಅಡಿಕೆ ಬೆಳೆಗಾರರ ಮನೆಗಳಲ್ಲಿ ಕೊಯ್ಲಿನ ಟೈಮಲ್ಲಿ ಈ ಮಾತು ಏಳೋದು ಸಹಜ, ನಿಮ್ಮ ಮನೇಲೂ ಎದ್ದಿರಬಹುದು.

ಶುರುವಾಗಿದ್ದು ಜುಲೈನಲ್ಲಿ. ಅಮ್ಮನನ್ನ ಉಡುಪಿ ಕಡೆ ಆಸ್ಪತ್ರೆಗೆ ತಿಂಗಳಿಗೊಮ್ಮೆ ಕರ್ಕೊಂಡು ಹೋಗ್ಬೇಕು, ಹೃದಯದ ತಪಾಸಣೆ. ಆವತ್ತು ವಾಪಸ್ ಬರುವಾಗ ಐದು ಜನ ಇದ್ವಿ, ಹಿಂದೆ ಡಿಕ್ಕಿ ತುಂಬ ಸಾಮಾನು. ಸೋಮೇಶ್ವರ ದಾಟಿ ಆಗುಂಬೆ ಘಾಟಿ ಹತ್ತೋಕೆ ಶುರು ಮಾಡಿದ್ರೆ ಎದುರು ಏನೂ ಕಾಣದ ಮಳೆ, ಮಂಜು. ಮುಂದೆ ಒಂದು ಮಿನಿ ಬಸ್ಸು. ಹದಿನಾಲ್ಕು ತಿರುವಿನಲ್ಲಿ ಅರ್ಧ ಹತ್ತಿರಬಹುದು, ಬಸ್ಸು ತಿರುವಿನಲ್ಲೇ ನಿಂತಿತು. ನಾನೂ ನಿಲ್ಲಿಸಿದೆ. ಬಸ್ಸು ಹೊರಟ ಮೇಲೆ ನಾನು ಒಂದನೇ ಗೇರಲ್ಲಿ ಹಾಫ್ ಕ್ಲಚ್ ಹಿಡಿದು ಎತ್ತಿದ್ರೆ ಗಾಡಿ ಮುಂದೆ ಹೋಗೋ ಬದಲು ಹಿಂದಕ್ಕೆ ಜಾರಿತು. ಎರಡನೇ ಸಲವೂ ಅದೇ. ಸುಟ್ಟ ವಾಸನೆ ಬಂತು. ಹಿಂದೆ ಇನ್ನೊಂದು ಕಾರು ಅಂಟಿಕೊಂಡು ನಿಂತಿದೆ. ಅಮ್ಮ ಬಾಯಿ ಬಿಡಲಿಲ್ಲ, ಮುಂದಿನ ಸೀಟಿನ ಹಿಡಿಕೆ ಗಟ್ಟಿಯಾಗಿ ಹಿಡಿದು ಕಣ್ಣು ಮುಚ್ಚಿಕೊಂಡಿದ್ರು. ಮಗ ಇಳಿದು ಹಿಂದಿನ ಚಕ್ರಕ್ಕೆ ಕಲ್ಲು ಕೊಟ್ಟ. ಮೂರನೇ ಸಲಕ್ಕೆ ಹತ್ತಿತು.

ಮನೆಗೆ ಬಂದ ಮೇಲೆ ಅಮ್ಮ ಹೇಳಿದ್ದು ಒಂದೇ ಮಾತು: "ಮುಂದಿನ ಸಲ ನಾನು ಬಸ್ಸಲ್ಲೇ ಹೋಗ್ತೀನಿ ಮಗಾ." ಹೆಂಡತಿ ಹೇಳಿದ್ದು, "ಇನ್ನು ಈ ಗಾಡೀಲಿ ಘಾಟಿ ಇಳಿಯೋದು ಬೇಡ ಕಣ್ರೀ." ಮಗ ಏನೂ ಹೇಳದೆ ಮೊಬೈಲಲ್ಲಿ ಟರ್ಬೊ ಕಾರಿನ ವಿಡಿಯೊ ನೋಡೋಕೆ ಕೂತ.

ನಮ್ಮದು 2014ರ ಗಾಡಿ. 1.2 ಲೀಟರ್ ಪೆಟ್ರೋಲ್, 84 ಎಚ್‌ಪಿ, ಓಡಿದ್ದು ಒಂದು ಲಕ್ಷ ಹದಿನೆಂಟು ಸಾವಿರ. ಮಗ ತೋರಿಸಿದ್ದು 1 ಲೀಟರ್ ಟರ್ಬೊ ಪೆಟ್ರೋಲ್, 120 ಎಚ್‌ಪಿ. ಕಂಪನಿ ಹೆಸರು ಬರೀತಿಲ್ಲ, ಬರೆದ್ರೆ ಮಾತೆಲ್ಲ ಆ ಕಡೆಗೇ ಹೋಗುತ್ತೆ. ಈ ಅಳತೆಯ ಇಂಜಿನ್ ಇರೋ ಗಾಡಿ ಈಗ ಹಲವು ಕಂಪನೀಲಿ ಸಿಗುತ್ತೆ.

ಶಿವಮೊಗ್ಗದ ಶೋರೂಮಿಗೆ ಹೋದ್ರೆ ಹುಡುಗ ಬೈಪಾಸಲ್ಲಿ ನಾಲ್ಕು ಕಿಲೋಮೀಟರ್ ಸುತ್ತಿಸಿ, "ಹೇಗಿದೆ ಸರ್ ಪಿಕಪ್ಪು?" ಅಂದ. ಸಪಾಟು ರಸ್ತೇಲಿ ಇಬ್ಬರು ಕೂತರೆ ಯಾವ ಗಾಡಿ ಎಳೆಯಲ್ಲ ಹೇಳಿ? ನಾನು ಹೇಳಿದೆ, "ನೋಡಪ್ಪ, ಗಾಡಿ ನಮ್ಮನೆಗೆ ತಗೊಂಡು ಬಾ, ಮೇಗರವಳ್ಳಿ ಹತ್ರ. ಅಲ್ಲಿ ನೋಡೋಣ." ಹೋದ ಭಾನುವಾರ ಬಂದ. ಮನೆಗೆ ತಂದು ತೋರಿಸೋ ವ್ಯವಸ್ಥೆ ಈಗ ಸುಮಾರು ಕಡೆ ಇದೆ, ಕೇಳಬೇಕು ಅಷ್ಟೆ. ಅಮ್ಮನನ್ನೂ ಕೂರಿಸಿ ಐದು ಜನ ಆದ್ವಿ, ಡಿಕ್ಕೀಲಿ ಒಂದು ಮೂಟೆ ಅಡಿಕೆ ಇಟ್ಟೆ, ಎಸಿ ಹಾಕಿದೆ. ಆಗುಂಬೆ ದಾಟಿ ನಾಲ್ಕೈದು ತಿರುವು ಇಳಿದು, ಜಾಗ ನೋಡಿ ತಿರುಗಿಸಿಕೊಂಡು ಮೇಲೆ ಬಂದೆ.

ಸುಳ್ಳು ಹೇಳಬಾರದು, ಚೆನ್ನಾಗಿತ್ತು. ಬೇಕಂತಲೇ ಒಂದು ಏರಲ್ಲಿ ನಿಲ್ಲಿಸಿ ಎತ್ತಿದೆ. ಹಿಂದಕ್ಕೆ ಜಾರದ ಹಾಗೆ ಬ್ರೇಕು ತಾನೇ ಎರಡು ಸೆಕೆಂಡ್ ಹಿಡಿದುಕೊಳ್ಳುತ್ತೆ, ಅಷ್ಟರಲ್ಲಿ ಗಾಡಿ ಮುಂದಕ್ಕೆ ಹೋಗಿರುತ್ತೆ. ನಮ್ಮ ಗಾಡೀಲಿ ಒಂದನೇ ಗೇರು ಬೇಕಾಗಿದ್ದ ತಿರುವಲ್ಲಿ ಇದು ಎರಡರಲ್ಲೇ ಹತ್ತಿತು. ಅಮ್ಮ ಕಣ್ಣು ಬಿಟ್ಕೊಂಡೇ ಕೂತಿದ್ರು, ಕಿಟಕಿ ಆಚೆ ನೋಡ್ತಾ. ಮಗ ಕನ್ನಡೀಲಿ ನನ್ನ ಮುಖ ನೋಡಿ ನಕ್ಕ.

ಯಾಕೆ ಹೀಗೆ ಅಂತ ನಮ್ಮ ಭಾಷೇಲೇ ಹೇಳ್ತೀನಿ. ಟ್ರ್ಯಾಕ್ಟರ್ 45 ಎಚ್‌ಪಿ, ನನ್ನ ಹಳೇ ಕಾರು 84. ಆದ್ರೆ ಗೊಬ್ಬರ ತುಂಬಿದ ಟ್ರೇಲರ್ ಎಳೆಯೋದು ಯಾವುದು? ಎಚ್‌ಪಿ ಅಂದ್ರೆ ಕೆಲಸ ಎಷ್ಟು ಬೇಗ ಆಗುತ್ತೆ ಅನ್ನೋ ಲೆಕ್ಕ. ಏರಲ್ಲಿ ನಮಗೆ ಬೇಕಾದ್ದು ತಿರುಚೋ ಬಲ, ಅದಕ್ಕೆ ಟಾರ್ಕ್ ಅಂತಾರೆ. ಅದೂ ಇಂಜಿನ್ ಕಿರುಚದೆ ನಿಧಾನವಾಗಿ ತಿರುಗುವಾಗಲೇ ಸಿಗಬೇಕು. ಹಳೇ ಗಾಡಿ ಪೂರ್ತಿ 115 ಎನ್‌ಎಂ ಕೊಡೋದು 4,000 ಆರ್‌ಪಿಎಂನಲ್ಲಿ. ತಿರುವಲ್ಲಿ ಇಂಜಿನ್ ಇರೋದು 1,800ರ ಆಸುಪಾಸು, ಅಲ್ಲಿ ಅಷ್ಟು ಸಿಗಲ್ಲ. ಟರ್ಬೊ 1,500ರಿಂದಲೇ 172 ಕೊಡುತ್ತೆ. ಹಾಗಾಗಿ ಶೋರೂಮಲ್ಲಿ ಎಚ್‌ಪಿ ಕೇಳಬೇಡಿ, "ಟಾರ್ಕ್ ಎಷ್ಟು, ಎಷ್ಟು ಆರ್‌ಪಿಎಂನಲ್ಲಿ" ಅಂತ ಕೇಳಿ. ಘಾಟಿ ಕೆಳಗಿನ, ಮೇಲಿನ ಜನಕ್ಕೆ ಅದೇ ಮುಖ್ಯ.

ಇನ್ನು ಖರ್ಚಿನ ವಿಷಯ. ಊರಲ್ಲಿ ಯಾರಿಗೆ ಹೇಳಿದ್ರೂ ಮೊದಲ ಮಾತು, "ಟರ್ಬೊನಾ? ಮೈಲೇಜ್ ಬರಲ್ಲ ಮಾರಾಯ್ರೆ, ಪೆಟ್ರೋಲ್ ಕುಡಿಯುತ್ತೆ." ಸರಿ, ಕುಡಿಯುತ್ತೆ. ಎಷ್ಟು ಕುಡಿಯುತ್ತೆ ಅಂತ ಪೆನ್ನು ಹಿಡ್ಕೊಂಡು ಕೂತೆ.

ನಾವು ವರ್ಷಕ್ಕೆ ಓಡಿಸೋದು 9,000 ಕಿಲೋಮೀಟರ್. ತೀರ್ಥಹಳ್ಳಿ ಪೇಟೆ, ನೆಂಟರ ಮನೆ, ಮದುವೆ ಮುಂಜಿ ಸೇರಿ 4,400. ಶಿವಮೊಗ್ಗ 2,900. ಉಡುಪಿ ಕಡೆ ಹನ್ನೆರಡು ಸಲ, 1,700. ಹಳೇ ಗಾಡಿ ಲೀಟರಿಗೆ 16 ಕೊಡುತ್ತೆ. ಟರ್ಬೊ ಕಂಪನಿ ಲೆಕ್ಕದಲ್ಲಿ ಹೆಚ್ಚು ಹೇಳ್ತಾರೆ, ನಮ್ಮ ರಸ್ತೇಲಿ ನಾನು ಹದಿಮೂರೂವರೆ ಹಿಡಿದೆ. ಪೆಟ್ರೋಲ್ ದುಂಡಗೆ 103 ರೂಪಾಯಿ ಅಂತ ಇಟ್ಟುಕೊಂಡೆ. ಹಳೇದಕ್ಕೆ ವರ್ಷಕ್ಕೆ 58,000, ಹೊಸದಕ್ಕೆ 68,700. ವ್ಯತ್ಯಾಸ 10,700. ತಿಂಗಳಿಗೆ ಸುಮಾರು 900 ರೂಪಾಯಿ. ಊರೆಲ್ಲ ಹೆದರಿಸೋ ಮೈಲೇಜಿನ ಭೂತ ಇಷ್ಟೇ!

ಡೀಸೆಲ್ ತಗೊಳ್ಳಿ ಅಂದ್ರು ಭಾವ. 1.5 ಲೀಟರ್ ಡೀಸೆಲಿಗೆ 250 ಎನ್‌ಎಂ, ಘಾಟೀಲಿ ಅದಕ್ಕೆ ಸಾಟಿ ಇಲ್ಲ, ಒಪ್ಪಿದೆ. 17.5 ಮೈಲೇಜ್, ಡೀಸೆಲ್ 92 ಅಂತ ಹಿಡಿದ್ರೆ ವರ್ಷಕ್ಕೆ 47,300. ಟರ್ಬೊ ಪೆಟ್ರೋಲಿಗಿಂತ 21,000 ಉಳಿಯುತ್ತೆ, ಸರ್ವಿಸ್ಸಿಗೆ ಜಾಸ್ತಿ ಹೋಗೋ ನಾಲ್ಕು ಸಾವಿರ ಕಳೀರಿ. ಆದ್ರೆ ಗಾಡಿಗೇ ಒಂದು ಲಕ್ಷ ನಲವತ್ತು ಸಾವಿರ ಹೆಚ್ಚು ಕೊಡಬೇಕು. ಆ ದುಡ್ಡು ವಾಪಸ್ ಬರೋಕೆ ಎಂಟು ವರ್ಷ. ಮೇಲಿಂದ ಈಗಿನ ಡೀಸೆಲ್ ಗಾಡೀಲಿ ಹೊಗೆಯ ಮಸಿ ಹಿಡಿಯೋ ಫಿಲ್ಟರ್ ಇದೆ. ಅದು ಬಿಸಿಯಾಗಿ ಮಸಿ ಸುಟ್ಕೋಬೇಕು ಅಂದ್ರೆ ಆಗಾಗ ದೂರದ ಓಟ ಬೇಕು. ದಿನಾ ಹಾಲಿನ ಡೇರಿಗೆ, ಸೊಸೈಟಿಗೆ ಅಂತ ನಾಲ್ಕೈದು ಕಿಲೋಮೀಟರ್ ಓಡಿಸಿ ನಿಲ್ಲಿಸೋರಿಗೆ ಅದು ಕಟ್ಟಿಕೊಳ್ಳುತ್ತೆ. ವರ್ಷಕ್ಕೆ ಇಪ್ಪತ್ತು ಸಾವಿರ ಓಡಿಸೋರಿಗೆ ಡೀಸೆಲ್ ಸರಿ, ನಮಗಲ್ಲ.

ಹಾಗಾದ್ರೆ ದುಡ್ಡು ಹೋಗೋದು ಎಲ್ಲಿ? ನಿಂತಲ್ಲಿ. ಶೆಡ್ಡಲ್ಲಿ ನಿಂತ ಗಾಡಿ ತಿನ್ನೋದನ್ನ ನಾವ್ಯಾರೂ ಲೆಕ್ಕ ಹಾಕಲ್ಲ.

ಮಗ ಮೆಚ್ಚಿದ್ದು ಮೇಲಿನ ವೇರಿಯಂಟ್, ಎಕ್ಸ್‌ಶೋರೂಮ್ 12.4 ಲಕ್ಷ. ಅದೇ ಇಂಜಿನ್ ಇರೋ ಕೆಳಗಿನ ವೇರಿಯಂಟ್ 9.8 ಲಕ್ಷ. 2025ರ ಸೆಪ್ಟೆಂಬರ್ 22ರಿಂದ ಸಣ್ಣ ಕಾರಿಗೆ ಜಿಎಸ್‌ಟಿ 18ಕ್ಕೆ ಇಳಿದಿದೆ, ನಾಲ್ಕು ಮೀಟರ್ ಒಳಗಿನ ಉದ್ದ, 1,200 ಸಿಸಿ ಒಳಗಿನ ಪೆಟ್ರೋಲ್ ಇಂಜಿನ್ ಆದ್ರೆ. ಅದು ಒಳ್ಳೇದೇ. ಆದ್ರೆ ನಮ್ಮ ಕರ್ನಾಟಕದ ರಸ್ತೆ ತೆರಿಗೆ ಐದರಿಂದ ಹತ್ತು ಲಕ್ಷದ ಒಳಗಿದ್ರೆ ನೂರಕ್ಕೆ 14, ಹತ್ತು ದಾಟಿ ಇಪ್ಪತ್ತರ ಒಳಗಿದ್ರೆ 17. ಕೆಳಗಿನದಕ್ಕೆ ತೆರಿಗೆ 1.37 ಲಕ್ಷ, ಮೇಲಿನದಕ್ಕೆ 2.11 ಲಕ್ಷ, ಸೆಸ್ ಬೇರೆ. ಎಲ್ಲ ಸೇರಿ ರಸ್ತೆಗೆ ಇಳಿಯುವಾಗ ಕೆಳಗಿನದು 11.8 ಲಕ್ಷ, ಮೇಲಿನದು 15.4 ಲಕ್ಷ. ವ್ಯತ್ಯಾಸ 3.6 ಲಕ್ಷ. ಅದಕ್ಕೆ ಸಿಗೋದು ಏನು? ಮೇಲ್ಛಾವಣೀಲಿ ಗಾಜಿನ ಕಿಟಕಿ, ದೊಡ್ಡ ಪರದೆ, ತಣ್ಣಗಿನ ಸೀಟು, ಬಣ್ಣದ ಚಕ್ರ. ಒಂದು ಎಚ್‌ಪಿ ಕೂಡ ಜಾಸ್ತಿ ಇಲ್ಲ. ಮಳೆಗಾಲ ನಾಲ್ಕು ತಿಂಗಳಿರೋ ಆಗುಂಬೇಲಿ ಮೇಲ್ಛಾವಣಿ ತೆಗೆದು ಏನು ನೋಡೋದು? ಆ 3.6 ಲಕ್ಷದಲ್ಲಿ ಟರ್ಬೊ ಹೆಚ್ಚಿಗೆ ಕುಡಿಯೋ ಪೆಟ್ರೋಲನ್ನ 33 ವರ್ಷ ಹಾಕಿಸಬಹುದು.

ನಾನು ಹೇಳೋಕೆ ಹೊರಟಿದ್ದು ಇದನ್ನೇ. ಶಕ್ತಿ ದುಬಾರಿ ಅಲ್ಲ. ಶೋಕಿ ದುಬಾರಿ, ಹೊಸತನ ದುಬಾರಿ. ನಾವು ತಿಂಗಳಿಗೆ 900 ರೂಪಾಯಿ ಪೆಟ್ರೋಲಿಗೆ ಹೆದರಿ ಶಕ್ತಿ ಬೇಡ ಅಂತೀವಿ, ಅದೇ ಬಾಯಲ್ಲಿ ತಿಂಗಳಿಗೆ 7,500 ಹೆಚ್ಚಿಗೆ ಕಂತು ಕಟ್ಟಿ ಗಾಜಿನ ಕಿಟಕಿ ತರ್ತೀವಿ. ಹೌದು, ಲೆಕ್ಕ ಹಾಕಿದೆ. ಶೇಕಡ 9ರ ಬಡ್ಡೀಲಿ ಐದು ವರ್ಷಕ್ಕೆ 7 ಲಕ್ಷ ಸಾಲ ಅಂದ್ರೆ ಕಂತು 14,500, 10.6 ಲಕ್ಷ ಅಂದ್ರೆ 22,000.

ಕೆಳಗಿನ ವೇರಿಯಂಟ್ ಕೂಡ ಅಗ್ಗ ಅಲ್ಲ. ಐದು ವರ್ಷಕ್ಕೆ ಅರ್ಧ ಬೆಲೆ ಇಳಿಯುತ್ತೆ ಅಂತ ಹಿಡಿದ್ರೆ ವರ್ಷಕ್ಕೆ 1.18 ಲಕ್ಷ ಹಾಗೇ ಕರಗುತ್ತೆ. ಬಡ್ಡಿ 34,000. ವಿಮೆ, ಸರ್ವಿಸ್, ಟಯರು 30,000. ಪೆಟ್ರೋಲ್ 68,700. ಒಟ್ಟು ಎರಡೂವರೆ ಲಕ್ಷ. ಕಿಲೋಮೀಟರಿಗೆ ಸುಮಾರು 28 ರೂಪಾಯಿ, ಅದರಲ್ಲಿ ಪೆಟ್ರೋಲ್ ಏಳೂವರೆ ಚಿಲ್ಲರೆ ಮಾತ್ರ.

ಈಗ ತೋಟಕ್ಕೆ ಬನ್ನಿ. ಹೋದ ವರ್ಷ 14 ಕ್ವಿಂಟಲ್ ಆಗಿತ್ತು. ಈ ಸಲ ಕೊಳೆ, ಎಲೆಚುಕ್ಕೆ ಎರಡೂ ಸೇರಿ 9 ಬಂದ್ರೆ ಹೆಚ್ಚು. ಹೋಗಿದ್ದು 5 ಕ್ವಿಂಟಲ್. ಕ್ವಿಂಟಲಿಗೆ 50,000 ಹಿಡಿದ್ರೂ ಎರಡೂವರೆ ಲಕ್ಷ. ಹೊಸ ಕಾರಿನ ಒಂದು ವರ್ಷದ ಖರ್ಚೂ ಅಷ್ಟೇ. ನೌಕರಿ ಇರೋರಿಗೆ ಸಂಬಳ ತಿಂಗಳಿಗೊಮ್ಮೆ ಬರುತ್ತೆ, ಕಂತೂ ತಿಂಗಳಿಗೊಮ್ಮೆ ಹೋಗುತ್ತೆ. ನಮಗೆ ಮಂಡಿಯಿಂದ ದುಡ್ಡು ಬರೋದು ವರ್ಷಕ್ಕೆ ಎರಡು ಮೂರು ಸಲ. ಜೂನಲ್ಲಿ ಬೋರ್ಡೋ ಹೊಡೆಸೋಕೆ ಮೈಲುತುತ್ತ ತರೋ ದುಡ್ಡು, ಆಳಿನ ಸಂಬಳದ ದುಡ್ಡು ಕಾರಿನ ಕಂತಿಗೆ ಹೋದ್ರೆ ಮುಂದಿನ ವರ್ಷ ಐದಲ್ಲ, ಎಂಟು ಕ್ವಿಂಟಲ್ ಹೋಗುತ್ತೆ. ಆ ಘಾಟಿಗೆ ಯಾವ ಟರ್ಬೊನೂ ಸಾಲದು.

ಇನ್ನೊಂದು ವಿಷಯ ಲೆಕ್ಕ ಹಾಕುವಾಗ ಹೊಳೀತು. ಸೋಮೇಶ್ವರದಿಂದ ಆಗುಂಬೆಗೆ ಏರು ಹತ್ತು ಕಿಲೋಮೀಟರ್ ಆಸುಪಾಸು. ಹನ್ನೆರಡು ಸಲ ಅಂದ್ರೆ ವರ್ಷಕ್ಕೆ 120 ಕಿಲೋಮೀಟರ್. 9,000ದಲ್ಲಿ 120! ಅದೂ ಹತ್ತೋದು ಮನೆಗೆ ವಾಪಸ್ ಬರುವಾಗ. ರಾತ್ರಿ ಎರಡು ಗಂಟೆಗೆ ಅಮ್ಮನಿಗೆ ಏನಾದ್ರೂ ಆದ್ರೆ ನಾವು ಓಡೋದು ಇಳಿಜಾರಲ್ಲಿ. ಅಲ್ಲಿ ಬೇಕಾದ್ದು ಎಚ್‌ಪಿ ಅಲ್ಲ, ಬ್ರೇಕು ಮತ್ತು ಟಯರು. ಮನೇಲಿ ಇದನ್ನ ಹೇಳಿದಾಗ ಮೊದಲ ಸಲ ಮಗ ಸುಮ್ಮನಾದ.

ಮಾರನೇ ದಿನ ಹಳೇ ಗಾಡಿ ಮೆಕ್ಯಾನಿಕ್ ಹತ್ರ ಬಿಟ್ಟೆ. ಅವನು ಕ್ಲಚ್ ಪ್ಲೇಟ್ ಬಿಚ್ಚಿ ಕೈಗೆ ಕೊಟ್ಟ. ಸವೆದು ರಿವೆಟ್ಟು ಕಾಣ್ತಿತ್ತು. "ಇಷ್ಟು ದಿನ ಹೇಗೆ ಓಡಿಸಿದ್ರಿ ಅಣ್ಣಾ?" ಅಂದ. ನಾಚಿಕೆ ಆಯ್ತು. ಜುಲೈನಲ್ಲಿ ಗಾಡಿ ಹಿಂದಕ್ಕೆ ಜಾರಿದ್ದರಲ್ಲಿ ಅರ್ಧ ತಪ್ಪು ಇಂಜಿನ್ನಿನದಲ್ಲ, ನನ್ನದು. ಪವರ್ ಟಿಲ್ಲರ್ ಬೆಲ್ಟು ಸಡಿಲ ಆದ್ರೆ ಅದೇ ದಿನ ಬಿಗಿ ಮಾಡೋನು, ಅಮ್ಮ ಕೂರೋ ಗಾಡಿಯ ಕ್ಲಚ್ ನೋಡಿರಲಿಲ್ಲ. ಕ್ಲಚ್ಚು, ಬ್ರೇಕ್ ಪ್ಯಾಡು, ನಾಲ್ಕು ಟಯರು ಸೇರಿ 28,000 ಆಯ್ತು. ಈಗ ಎಥೆನಾಲ್ ಬೆರೆಸಿದ ಇ20 ಪೆಟ್ರೋಲ್ ಬರೋದ್ರಿಂದ ಹಳೇ ಗಾಡಿಯ ರಬ್ಬರ್ ಪೈಪುಗಳನ್ನೂ ನೋಡಿಸಿದೆ. ನಿನ್ನೆ ಘಾಟಿ ಇಳಿದು ಹತ್ತಿ ಬಂದ್ವಿ. ಕಷ್ಟಪಟ್ಟು ಹತ್ತುತ್ತೆ, ಆದ್ರೆ ಜಾರಲ್ಲ. ಬಸ್ಸು ಹಿಂದೆ ಹಾಕೋ ತಾಕತ್ತು ಇಲ್ಲ, ಹಾಕೋದೂ ಇಲ್ಲ.

ಹಾಗಂತ ದೊಡ್ಡ ಗಾಡಿ ಬೇಡ ಅಂತ ತೀರ್ಮಾನ ಮಾಡಿಲ್ಲ. ಅಮ್ಮ ಆವತ್ತು ಕಣ್ಣು ಬಿಟ್ಕೊಂಡು ಕೂತಿದ್ದನ್ನ ನಾನು ಮರೆತಿಲ್ಲ, ಅದಕ್ಕೂ ಒಂದು ಬೆಲೆ ಇದೆ. ಅಡಿಕೆ ಮಂಡಿಗೆ ಹೋಗಿ, ಮುಂದಿನ ಮಳೆಗಾಲದ ಔಷಧಿ, ಗೊಬ್ಬರ, ಆಳಿನ ದುಡ್ಡು ಬೇರೆ ತೆಗೆದಿಟ್ಟ ಮೇಲೆ ಉಳಿದದ್ದು ನೋಡ್ತೀನಿ. ಆಗ ತಗೊಂಡ್ರೆ ಟರ್ಬೊ ಇಂಜಿನ್, ಕೆಳಗಿನ ವೇರಿಯಂಟ್. ಎರಡು ಮೂರು ವರ್ಷ ಓಡಿದ್ದು, ಸರ್ವಿಸ್ ದಾಖಲೆ ಸರಿ ಇರೋದು ಸಿಕ್ಕಿದ್ರೆ ಇನ್ನೂ ಒಳ್ಳೇದು, ದೊಡ್ಡ ಬೆಲೆ ಇಳಿತ ಮೊದಲಿನೋರ ತಲೆಮೇಲೆ ಹೋಗಿರುತ್ತೆ. ಸಾಲ ಮಾಡಿದ್ರೂ ಕೊಯ್ಲಿನ ಟೈಮಿಗೆ ಕಂತು ಬರೋ ಹಾಗೆ ಕೊಡ್ತೀರಾ ಅಂತ ಬ್ಯಾಂಕಲ್ಲಿ ಕೇಳ್ತೀನಿ. ನೀವೂ ಕೇಳಿ, ಎಲ್ಲ ಕಡೆ ಕೊಡಲ್ಲ, ಕೇಳದಿದ್ರೆ ಯಾರೂ ಕೊಡಲ್ಲ.

ಕಾರು ನೋಡೋಕೆ ಹೊರಟಿರೋರು ಒಂದು ಕೆಲಸ ಮಾಡಿ. ಹೋಗೋ ಮುಂಚೆ ನಿಮ್ಮ ಗಾಡಿ ವರ್ಷಕ್ಕೆ ಎಲ್ಲೆಲ್ಲಿ ಎಷ್ಟು ಓಡುತ್ತೆ ಅಂತ ಒಂದು ಹಾಳೇಲಿ ಬರೆದುಕೊಳ್ಳಿ. ಹಳೇ ಗಾಡಿ ಕ್ಲಚ್ ನೋಡಿಸಿ. ಆಮೇಲೆ ಮನೆಯವರನ್ನೆಲ್ಲ ಕೂರಿಸ್ಕೊಂಡು, ನೀವು ನಿಜವಾಗಿ ಹತ್ತೋ ಏರಲ್ಲೇ ಹೊಸದನ್ನ ಓಡಿಸಿ ನೋಡಿ.

ಮುಂದಿನ ಸಲ ತಪಾಸಣೆ ಇರೋದು ಹದಿನೈದಕ್ಕೆ. ಅಮ್ಮ ಬಸ್ಸಿನ ಮಾತು ಎತ್ತಿಲ್ಲ. "ಟಯರು ಹೊಸದು ಹಾಕ್ಸಿದಿಯಂತಲ್ಲ" ಅಂದ್ರು ಅಷ್ಟೆ.