ಕೆನಾನಾ, ನಿಕಾನಾ, ಕಾಫಿಯಾ?

ಮರವಂತೆಯಲ್ಲಿ ಒಂದು ಕಡೆ ಸಮುದ್ರ, ಇನ್ನೊಂದು ಕಡೆ ಸೌಪರ್ಣಿಕಾ. ನಡುವಿನ ರಸ್ತೆ ಪಕ್ಕ ನಿಂತ ನಮ್ಮ ಗುಂಪಿನದ್ದು ಮಾತ್ರ ಕೆನಾನ್-ನಿಕಾನ್ ಜಗಳ! ನಾನು ನಿಕಾನ್ ಪಕ್ಷ. ಆದ್ರೆ ಈ ನಿಷ್ಠೆ ಅಂದ್ರೆ ದುಡ್ಡು ಸುರಿದು ಕೊಂಡ ಲೆನ್ಸುಗಳ ಮಮಕಾರ ಅಷ್ಟೇ. ಒಂದರ ಲೆನ್ಸು ಇನ್ನೊಂದಕ್ಕೆ ಕೂರೋದಿಲ್ಲವಲ್ಲ. ಕಂಪನಿಗಳಿಗೆ ಆ ಮಮಕಾರವೂ ಇಲ್ಲ: 1987ರಲ್ಲಿ ಕೆನಾನ್ ಹಳೇ ಮೌಂಟ್ ಕೈಬಿಟ್ಟಿತು, 2018ರಲ್ಲಿ ಇಬ್ಬರೂ ಹೊಸ ಮೌಂಟ್ ತಂದರು.

ಮೊನ್ನೆ ಬೈಂದೂರಿನಿಂದ ಬರ್ತಾ ನಾಲ್ಕನೇ ಕಾಫಿ ಕುಡಿದು, ಮುಸ್ಸಂಜೆಯಲ್ಲಿ 1/15 ಸೆಕೆಂಡಿಗೆ ತೆಗೆದ ಚಿತ್ರಗಳೆಲ್ಲ ಮಸುಕು. ಹೊಸ ಬಾಡಿ ತಗೋಬೇಕು ಅಂದೆ. ಕುಂದಾಪುರದ ಗೆಳೆಯ ನನ್ನ ಕೈ ನೋಡಿ, "ಕ್ಯಾಮೆರಾ ಅಲ್ಲ ಮಾರಾಯಾ, ಕಾಫಿ ಕಮ್ಮಿ ಮಾಡ್" ಅಂದ. ನಿಜ... ಕೆಫೀನ್ ಹೆಚ್ಚಾದ್ರೆ ಕೈ ನಡುಗುತ್ತೆ, ನಿದ್ದೆಯೂ ಕೆಡುತ್ತೆ. ಅದು ಮೈಯಲ್ಲಿ ಅರ್ಧಕ್ಕಿಳಿಯೋಕೇ ಸುಮಾರು 5 ಗಂಟೆ ಬೇಕು. ಈಗ ಮಧ್ಯಾಹ್ನದ ಮೇಲೆ ಕಾಫಿ ಬಂದ್. ನಿಕಾನ್ ಮಾತ್ರ ಬಿಟ್ಟಿಲ್ಲ, ಲೆನ್ಸುಗಳಿವೆಯಲ್ಲ :) ನಿಮ್ಮದು ಯಾವ ಪಕ್ಷ? ದಿನಕ್ಕೆ ಎಷ್ಟು ಲೋಟ?