ನೇಕಾರನಿಗೆ ಸಾಲ, ಸಂತೆಯಲ್ಲಿ ನಕಲಿ

ಇಳಕಲ್ ಸೀರೆಯ ಜೀವ ಕೊಂಡಿಯಲ್ಲಿದೆ. ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ಎರಡನ್ನೂ ಎಳೆ ಎಳೆಯಾಗಿ ಕೊಂಡಿ ಹಾಕಿ ಕೂಡಿಸಬೇಕು. ಹಾಗಾಗಿ ಒಂದೊಂದು ಸೀರೆಗೂ ಒಂದೊಂದು ಹಾಸು. ಕಂಡಿಕೆ ಸುತ್ತುವುದು, ಎಳೆ ಕೂಡಿಸುವುದು ಹೆಚ್ಚಾಗಿ ಮನೆಯ ಹೆಣ್ಣುಮಕ್ಕಳ ಪಾಲು. ಸೀರೆಗಿಷ್ಟು ಎಂದು ಕೊಡುವ ಮಜೂರಿಯಲ್ಲಿ ಅವರ ದುಡಿಮೆಗೆ ಬೇರೆ ಲೆಕ್ಕವಿಲ್ಲ.

ಇಂಥ ಮನೆಗೆ ಈಗ ಹೇಳುವ ಮದ್ದು ಒಂದೇ: ಕೂಲಿ ಬಿಟ್ಟು ಉದ್ಯಮಿಯಾಗು, ಮುದ್ರಾ ಸಾಲ ತಗೊ, ಆನ್‌ಲೈನಿನಲ್ಲಿ ಮಾರು. ಬಾಂಗ್ಲಾದೇಶದ ಮುಹಮ್ಮದ್ ಯೂನುಸ್ ಮತ್ತು ಗ್ರಾಮೀಣ ಬ್ಯಾಂಕಿಗೆ 2006ರಲ್ಲಿ ನೊಬೆಲ್ ಬಂದ ಮೇಲಂತೂ ಸಣ್ಣ ಸಾಲವೇ ಬಡತನಕ್ಕೆ ಔಷಧ ಎಂಬ ನಂಬಿಕೆ ಗಟ್ಟಿಯಾಯಿತು. ಇಳಕಲ್ಲಿನ ಮಟ್ಟಿಗೆ ನಾನಿದನ್ನು ಒಪ್ಪುವುದಿಲ್ಲ. ಸಾವುಕಾರ ನೂಲು ಕೊಟ್ಟು ಸೀರೆ ಒಯ್ಯುತ್ತಾನೆ, ಮಜೂರಿಯಲ್ಲಿ ಹಿಡಿಯುತ್ತಾನೆ, ನಿಜ. ಆದರೆ ಸೀರೆ ಮಾರದೆ ಉಳಿದರೆ ಆ ನಷ್ಟ ಅವನದು. ನೇಕಾರ ಸಾಲ ಮಾಡಿ ತಾನೇ ನೂಲು ತಂದ ದಿನ ಆ ನಷ್ಟ ಅವನ ಹೊಸ್ತಿಲು ದಾಟಿ ಒಳಗೆ ಬರುತ್ತದೆ. 2019-20ರ ಕೈಮಗ್ಗ ಗಣತಿಯ ಪ್ರಕಾರ ದೇಶದ ನೇಕಾರ ಕುಟುಂಬಗಳಲ್ಲಿ ಮೂರರಲ್ಲಿ ಎರಡರಷ್ಟಕ್ಕೆ ತಿಂಗಳಿಗೆ 5,000 ರೂಪಾಯಿಯೂ ಹುಟ್ಟುವುದಿಲ್ಲ. ಅಂಥವರು ಸೀರೆ ಗಂಟು ಕಟ್ಟಿಟ್ಟು ಎಷ್ಟು ದಿನ ಕಾದಾರು?

ಉದ್ಯಮವೇ ಬೇಡ ಎನ್ನುತ್ತಿಲ್ಲ. ನೇರವಾಗಿ ಮಾರಿ ಹೆಸರು ಮಾಡುವ ನೇಕಾರರು ಹೆಚ್ಚಲಿ. ಆದರೆ ಅವರು ಇಳಿಯಬೇಕಾದ ಸಂತೆಯಲ್ಲಿ ಪಾವರ್‌ಲೂಮಿನ ಸೀರೆ ‘ಇಳಕಲ್’ ಹೆಸರಲ್ಲೇ ಅಗ್ಗಕ್ಕೆ ಸಿಗುತ್ತಿದೆ. ಕೆಲವು ಬಟ್ಟೆಗಳನ್ನು ಕೈಮಗ್ಗಕ್ಕೇ ಮೀಸಲಿಟ್ಟ ಕಾಯ್ದೆ 1985ರಲ್ಲೇ ಬಂದಿದೆ, 1993ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿದಿದೆ. ಮೊದಲು 22 ಬಗೆ ಇದ್ದ ಪಟ್ಟಿ 11ಕ್ಕೆ ಇಳಿದರೂ ಸೀರೆ ಅದರಲ್ಲಿ ಉಳಿದಿದೆ. ಇಳಕಲ್ ಸೀರೆಗೆ ಭೌಗೋಳಿಕ ಸೂಚಕ (ಜಿಐ) ಮಾನ್ಯತೆಯೂ ಇದೆ. ಇಷ್ಟಿದ್ದೂ ನಕಲಿ ನಿಂತಿಲ್ಲ. ಕಾಯ್ದೆ ಜಾರಿ ಮಾಡಬೇಕಾದ ಸರ್ಕಾರ ನೇಕಾರನಿಗೆ ‘ನೀನೇ ಪೈಪೋಟಿ ಮಾಡು’ ಎನ್ನುವುದು ಅನ್ಯಾಯ.

ಪಾವರ್‌ಲೂಮಿನಲ್ಲಿ ದುಡಿಯುವವರೂ ಬಡವರೇ, ಅವರ ಅನ್ನಕ್ಕೆ ಕಲ್ಲು ಹಾಕಬೇಕೆಂದಲ್ಲ. ಅವರು ನೇಯಲಿ, ತಮ್ಮ ಹೆಸರಲ್ಲಿ ಮಾರಲಿ.

ಒಡಲು ಸೆರಗು ಕೂಡುವಲ್ಲಿ ಬೆರಳಾಡಿಸಿದರೆ ಕೊಂಡಿ ಕೈಗೆ ಹತ್ತುತ್ತದೆ. ಅಸಲಿ ನಕಲಿ ತಿಳಿಯಲು ಯಂತ್ರ ಬೇಡ. ಮುಂದಿನ ಸಾಲಮೇಳಕ್ಕೆ ಮೊದಲು ಜವಳಿ ಇಲಾಖೆಯ ಅಧಿಕಾರಿಗಳು ಇಳಕಲ್, ಬಾಗಲಕೋಟೆ, ಹುಬ್ಬಳ್ಳಿಯ ಅಂಗಡಿಗಳಿಗೆ ಹೋಗಿ ಸೀರೆ ಬಿಡಿಸಿ ನೋಡಲಿ. ಕಂಡದ್ದನ್ನು ಬರೆದು ನೇಕಾರರ ಮುಂದೆ ಓದಲಿ.