ತೆರೆಯ ಪಕ್ಕದ ತೆರೆ

ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ ನೆಲ ಮುಗಿದು ಅಟ್ಲಾಂಟಿಕ್ ಶುರುವಾಗುವ ಜಾಗವೇ ಕೋನಿ ಐಲ್ಯಾಂಡ್. ಅಲ್ಲಿನ ಸರ್ಫ್ ಅವೆನ್ಯೂದಲ್ಲಿ 1917ರಲ್ಲಿ ಊಟದ ಹೋಟೆಲಿಗೆಂದು ಕಟ್ಟಿದ ಒಂದು ಕಟ್ಟಡವಿದೆ. ಕೆಳಗಡೆ ಕತ್ತಿ ನುಂಗುವವರು, ಬೆಂಕಿ ತಿನ್ನುವವರು ಆಟ ತೋರಿಸುವ ಪುಟ್ಟ ರಂಗ, ಮಹಡಿಯಲ್ಲಿ ಸಣ್ಣದೊಂದು ವಸ್ತುಸಂಗ್ರಹಾಲಯ. ಬೇಸಿಗೆಯ ಜನಜಾತ್ರೆ ಕರಗುವ ಹೊತ್ತಿಗೆ ಇಲ್ಲಿ ಬಿಳಿ ಪರದೆ ಏರುತ್ತದೆ. ಕೋನಿ ಐಲ್ಯಾಂಡ್ ಚಿತ್ರೋತ್ಸವ ನಡೆಯುವುದು ಹೀಗೆ. ದೊಡ್ಡ ಸ್ಟುಡಿಯೊಗಳ ನೆರವಿಲ್ಲದೆ, ಕೈಯಿಂದ ದುಡ್ಡು ಹಾಕಿ ಸಿನಿಮಾ ಮಾಡಿದವರು ಇಲ್ಲಿ ತಮ್ಮ ಕೆಲಸವನ್ನು ಅಪರಿಚಿತರ ಮುಂದಿಡುತ್ತಾರೆ.

ಇದೇ ರಸ್ತೆಯ ಬದಿಯಲ್ಲಿ ಕ್ಯಾಸಿನೊ ಕಟ್ಟುವ ಯೋಜನೆಯನ್ನು 2025ರ ಸೆಪ್ಟೆಂಬರ್ ಕೊನೆಯಲ್ಲಿ ಆರು ಸದಸ್ಯರ ಸಮುದಾಯ ಸಲಹಾ ಸಮಿತಿ ತಳ್ಳಿಹಾಕಿತು. ಥಾರ್ ಈಕ್ವಿಟೀಸ್ ಎಂಬ ಭೂ ವ್ಯವಹಾರದ ಕಂಪನಿ ಮತ್ತದರ ಪಾಲುದಾರರು 300 ಕೋಟಿ ಡಾಲರಿಗೂ ಹೆಚ್ಚು ಹಣ ಸುರಿದು ಜೂಜಿನ ಅಂಗಳ, ಹೋಟೆಲ್, ಸಮ್ಮೇಳನ ಭವನ ಕಟ್ಟಲು ಹೊರಟಿದ್ದರು. ಸಮಿತಿಯ ತೀರ್ಮಾನ ಸರಿ. ಆದರೆ ಗೆದ್ದೆವೆಂದು ಊರಿನವರು ಮನೆಗೆ ಹೋಗಿ ಮಲಗುವಂತಿಲ್ಲ. ಬಿದ್ದದ್ದು ಒಂದು ಅರ್ಜಿ ಮಾತ್ರ. ಜಾಗ ಯಾರ ಕೈಯಲ್ಲಿತ್ತೋ ಆ ಕೈ ಬದಲಾಗಿಲ್ಲ.

ಚಿತ್ರೋತ್ಸವ ಈ ಊರಿಗೆ ಹೊರಗಿನಿಂದ ತಂದು ಅಂಟಿಸಿದ ಅಲಂಕಾರವಲ್ಲ. ಅಮೆರಿಕದ ಸಿನಿಮಾ ತೊದಲು ನುಡಿಯುತ್ತಿದ್ದಾಗಲೇ ಎಡಿಸನ್ ಕಂಪನಿಯ ಕ್ಯಾಮೆರಾ ಇಲ್ಲಿಗೆ ಬಂದಿತ್ತು. 1903ರ ಜನವರಿಯಲ್ಲಿ ಟಾಪ್ಸಿ ಎಂಬ ಆನೆಯನ್ನು ಇಲ್ಲಿ ವಿದ್ಯುತ್ ಹಾಯಿಸಿ ಕೊಂದದ್ದನ್ನೂ ಆ ಕ್ಯಾಮೆರಾ ಹಿಡಿದಿಟ್ಟಿತು. ನೋಡಲು ಸಂಕಟವಾಗುವ ಚಿತ್ರ ಅದು. 1917ರಲ್ಲಿ ಮೂಕಿ ಚಿತ್ರಗಳ ಹಾಸ್ಯನಟರಾದ ಫ್ಯಾಟಿ ಆರ್ಬಕಲ್ ಮತ್ತು ಬಸ್ಟರ್ ಕೀಟನ್ ಇಲ್ಲಿ ಬಿದ್ದೆದ್ದು ನಗಿಸಿದರು. 1928ರ ಚಿತ್ರವೊಂದರಲ್ಲಿ ಹೆರಾಲ್ಡ್ ಲಾಯ್ಡ್ ಬಂದ.

ಎಲ್ಲಕ್ಕಿಂತ ಮುಖ್ಯವಾದದ್ದು 1953ರ ‘ಲಿಟಲ್ ಫ್ಯುಜಿಟಿವ್’. ಅಣ್ಣನನ್ನು ತಾನೇ ಕೊಂದೆನೆಂದು ನಂಬಿದ ಏಳು ವರ್ಷದ ಹುಡುಗನೊಬ್ಬ ಕೋನಿ ಐಲ್ಯಾಂಡಿಗೆ ಓಡಿಬರುತ್ತಾನೆ, ಮರದ ಕುದುರೆ, ಕಲ್ಲಂಗಡಿ ಹೋಳು, ಖಾಲಿ ಬಾಟಲಿಗಳ ನಡುವೆ ದಿನ ಕಳೆಯುತ್ತಾನೆ. ಕಥೆ ಅಷ್ಟೇ. ಮಾರಿಸ್ ಎಂಗಲ್, ರೂತ್ ಆರ್ಕಿನ್, ರೇ ಆ್ಯಶ್ಲಿ ಮೂವರೂ ಸೇರಿ ಮಾಡಿದ ಈ ಚಿತ್ರಕ್ಕಾಗಿಯೇ ಮೈಗೆ ಕಟ್ಟಿಕೊಳ್ಳಬಹುದಾದ 35 ಎಂಎಂ ಕ್ಯಾಮೆರಾ ಒಂದನ್ನು ಮಾಡಿಸಲಾಯಿತು. ಸ್ನಾನಕ್ಕೆ ಬಂದ ಜನರಿಗೆ ಚಿತ್ರೀಕರಣ ನಡೆಯುತ್ತಿರುವುದೇ ತಿಳಿಯಲಿಲ್ಲ. ವೆನಿಸ್ ಚಿತ್ರೋತ್ಸವ ಅದಕ್ಕೆ ಬೆಳ್ಳಿ ಸಿಂಹ ಪ್ರಶಸ್ತಿ ಕೊಟ್ಟಿತು. ಫ್ರಾನ್ಸಿನ ಹೊಸ ಅಲೆಗೆ ದಾರಿ ತೋರಿಸಿದ್ದು ಈ ಚಿತ್ರವೆಂದು ಆ ಅಲೆಯ ನಿರ್ದೇಶಕ ಟ್ರುಫೊ ಸ್ವತಃ ಒಪ್ಪಿಕೊಂಡಿದ್ದರು. ಸ್ಟುಡಿಯೊ ಇಲ್ಲದೆ, ಸೆಟ್ಟಿಲ್ಲದೆ ಈ ಸಿನಿಮಾ ಹುಟ್ಟಲು ಸಾಧ್ಯವಾದದ್ದು ಯಾಕೆ? ಸಮುದ್ರ ಎಲ್ಲರದಾಗಿತ್ತು. 1920ರಲ್ಲಿ ಸಬ್‌ವೇ ರೈಲು ದಡದವರೆಗೆ ಬಂದ ಮೇಲೆ ಐದು ಸೆಂಟಿನ ಟಿಕೆಟಿನಲ್ಲಿ ಯಾರು ಬೇಕಾದರೂ ಬರಬಹುದಿತ್ತು. ಮರದ ಹಲಗೆಯ ದಾರಿಯಲ್ಲಿ ನಡೆಯಲು ಯಾರೂ ದುಡ್ಡು ಕೇಳುತ್ತಿರಲಿಲ್ಲ. ಜನರ ಆ ಗುಂಪೇ ಚಿತ್ರದ ನಿಜವಾದ ತಾರಾಬಳಗ. ಬ್ರೈಟನ್ ಬೀಚಿನಿಂದ ಕೋನಿ ಐಲ್ಯಾಂಡಿನವರೆಗೆ ಅದೇ ಹಲಗೆದಾರಿಯ ಆಸುಪಾಸಿನಲ್ಲಿ ತಿರುಗಿದ ಶಾನ್ ಬೇಕರ್‌ರ ‘ಅನೋರಾ’ 2025ರಲ್ಲಿ ಅತ್ಯುತ್ತಮ ಚಿತ್ರದ ಆಸ್ಕರ್ ಗೆದ್ದಿತು. ಸ್ವತಂತ್ರ ಸಿನಿಮಾಕ್ಕೂ ಈ ದಡಕ್ಕೂ ಇರುವ ನಂಟು ಹಳೆಯ ಫೋಟೊ ಆಲ್ಬಮ್ಮಿಗೆ ಸೇರಿಲ್ಲ.

ದಡದ ಮೇಲೆ ಕಣ್ಣು ಹಾಕಿದವರಲ್ಲಿ ಥಾರ್ ಮೊದಲಿನದೂ ಅಲ್ಲ. 1964ರಲ್ಲಿ ಇಲ್ಲಿನ ಸ್ಟೀಪಲ್‌ಚೇಸ್ ಎಂಬ ಮನರಂಜನಾ ಪಾರ್ಕ್ ಮುಚ್ಚಿತು. ಅದನ್ನು ಕೊಂಡ ಫ್ರೆಡ್ ಟ್ರಂಪ್, ಇಂದಿನ ಅಧ್ಯಕ್ಷರ ತಂದೆ, 1966ರಲ್ಲಿ ಅತಿಥಿಗಳನ್ನು ಕರೆದು, ಅವರ ಕೈಗೆ ಇಟ್ಟಿಗೆ ಕೊಟ್ಟು, ಪಾರ್ಕಿನ ಗಾಜಿನ ಮಂಟಪಕ್ಕೆ ಹೊಡೆಸಿದರು. ಅಪಾರ್ಟ್‌ಮೆಂಟು ಕಟ್ಟಲು ಬೇಕಾದ ಭೂಬಳಕೆ ಬದಲಾವಣೆ ಅವರಿಗೆ ಸಿಗಲಿಲ್ಲ, ಕೊನೆಗೆ ಜಾಗ ನಗರದ ಪಾಲಾಯಿತು. ಥಾರ್ ಕೊಂಡ ನೆಲದಲ್ಲಿದ್ದ ಆ್ಯಸ್ಟ್ರೊಲ್ಯಾಂಡ್ ಮನರಂಜನಾ ಪಾರ್ಕ್ 2008ರಲ್ಲಿ ಗಂಟುಮೂಟೆ ಕಟ್ಟಿತು. 2009ರಲ್ಲಿ ನಗರಾಡಳಿತ ಹೊಸ ಭೂಬಳಕೆ ನಿಯಮ ತಂದು, ಅದೇ ಕಂಪನಿಯಿಂದ ಸುಮಾರು ಏಳು ಎಕರೆಯನ್ನು 9.56 ಕೋಟಿ ಡಾಲರಿಗೆ ಕೊಂಡಿತು. ಉಳಿದದ್ದು ಕಂಪನಿಯಲ್ಲೇ ಉಳಿಯಿತು. 2010ರಲ್ಲಿ ಸರ್ಫ್ ಅವೆನ್ಯೂದ ಹೆಂಡರ್ಸನ್ ಮ್ಯೂಸಿಕ್ ಹಾಲ್ ನೆಲಕ್ಕುರುಳಿತು. ಹಾಸ್ಯನಟ ಹಾರ್ಪೊ ಮಾರ್ಕ್ಸ್ ಅಣ್ಣತಮ್ಮಂದಿರ ಜೊತೆ ಮೊದಲ ಬಾರಿ ವೇದಿಕೆ ಹತ್ತಿದ ಜಾಗ ಅದು.

ಇದೇ ರಸ್ತೆಯಲ್ಲಿ ಒಂದು ಕಟ್ಟಡ ಉಳಿಯಿತು, ಇನ್ನೊಂದು ಹೋಯಿತು. ಕಾರಣ ಬಹಳ ಸರಳ. ಚಿತ್ರೋತ್ಸವ ನಡೆಸುವ ಕೋನಿ ಐಲ್ಯಾಂಡ್ ಯುಎಸ್‌ಎ, 1980ರಲ್ಲಿ ಡಿಕ್ ಜಿಗುನ್ ಕಟ್ಟಿದ ಲಾಭರಹಿತ ಸಂಸ್ಥೆ, ಬಾಡಿಗೆದಾರನಾಗಿಯೇ ಉಳಿಯದೆ ಸಾರ್ವಜನಿಕ ಹಣದ ನೆರವಿನಿಂದ ತಾನಿದ್ದ 1917ರ ಕಟ್ಟಡವನ್ನೇ ಕೊಂಡಿತು. 2011ರಲ್ಲಿ ಅದಕ್ಕೆ ಪಾರಂಪರಿಕ ಕಟ್ಟಡದ ಮಾನ್ಯತೆಯೂ ಸಿಕ್ಕಿತು. ಮರುವರ್ಷ ಸ್ಯಾಂಡಿ ಚಂಡಮಾರುತ ಕೆಳಮಹಡಿಗೆ ಸಮುದ್ರವನ್ನೇ ನುಗ್ಗಿಸಿತು. ಆದರೂ ಸಂಸ್ಥೆ ಎದ್ದು ನಿಂತಿತು. ಬಾಡಿಗೆ ಮನೆಯಾಗಿದ್ದರೆ ರಿಪೇರಿಗೆ ಮೊದಲು ಖಾಲಿ ಮಾಡೆಂಬ ನೋಟಿಸೇ ಬರುತ್ತಿತ್ತೇನೊ.

ಕ್ಯಾಸಿನೊ ಪರ ವಾದವನ್ನು ಹಗುರವಾಗಿ ತೆಗೆದುಕೊಳ್ಳುವಂತಿಲ್ಲ. ಸೈಕ್ಲೋನ್ ಎಂಬ ರೋಲರ್ ಕೋಸ್ಟರ್, ವಂಡರ್ ವೀಲ್ ಎಂಬ ದೈತ್ಯ ಚಕ್ರ ಓಡುವುದು ವಸಂತದಿಂದ ಶರತ್ಕಾಲದವರೆಗೆ ಮಾತ್ರ. ಚಳಿಗಾಲದಲ್ಲಿ ಸರ್ಫ್ ಅವೆನ್ಯೂ ಬಿಕೋ ಎನ್ನುತ್ತದೆ. ಪಶ್ಚಿಮದ ಸರ್ಕಾರಿ ವಸತಿ ಗೋಪುರಗಳಲ್ಲಿ ವಾಸಿಸುವವರಿಗೆ ಹನ್ನೆರಡು ತಿಂಗಳ ಕೆಲಸ ಬೇಕು. ಆ ಬೇಡಿಕೆ ನ್ಯಾಯವಾದದ್ದು.

ಆದರೆ ಉತ್ತರ ಜೂಜಲ್ಲ. ಅದೇ ಅಟ್ಲಾಂಟಿಕ್ ದಡದ ಅಟ್ಲಾಂಟಿಕ್ ಸಿಟಿಯನ್ನು ನೋಡಬೇಕು. 1978ರಲ್ಲಿ ಮೊದಲ ಕ್ಯಾಸಿನೊ ತೆರೆದಾಗ ಅಲ್ಲಿಯೂ ಇದೇ ಮಾತು ಕೇಳಿಬಂದಿತ್ತು. 2014 ಒಂದೇ ವರ್ಷದಲ್ಲಿ ನಾಲ್ಕು ಕ್ಯಾಸಿನೊಗಳು ಬಾಗಿಲು ಹಾಕಿದವು. ಅವುಗಳಲ್ಲಿ ಒಂದು, 240 ಕೋಟಿ ಡಾಲರಿನ ರೆವೆಲ್, ತೆರೆದು ಎರಡೇ ವರ್ಷವಾಗಿತ್ತು. ಸಾವಿರಾರು ಜನ ಕೆಲಸ ಕಳೆದುಕೊಂಡರು. ಕ್ಯಾಸಿನೊ ಬಂದವರನ್ನು ಒಳಗೇ ಕೂರಿಸಿಕೊಳ್ಳುತ್ತದೆ. ಅಲ್ಲೇ ಊಟ, ಅಲ್ಲೇ ನಿದ್ದೆ, ಅಲ್ಲೇ ಖರ್ಚು. ಹೊರಗೆ ಸಾಸೇಜ್ ಮಾರುವವನಿಗೆ, ಗುರಿ ಹೊಡೆಯುವ ಆಟ ಇಟ್ಟವನಿಗೆ ಬರುವುದು ಪಾರ್ಕಿಂಗ್ ತೊಂದರೆ ಮಾತ್ರ. ಚಿತ್ರೋತ್ಸವಕ್ಕೆ ಬಂದವರು ಎರಡು ಪ್ರದರ್ಶನಗಳ ನಡುವೆ ರಸ್ತೆಗಿಳಿಯುತ್ತಾರೆ, ತಿನ್ನುತ್ತಾರೆ, ಸಮುದ್ರ ನೋಡಿ ಮತ್ತೆ ಒಳಗೆ ಬರುತ್ತಾರೆ.

ಚಳಿಗಾಲದ ಕೆಲಸ ಬೇಕೆನ್ನುವವರಿಗೆ ಕೊಡಬೇಕಾದ ಉತ್ತರವೂ ಇದೇ ರಸ್ತೆಯಲ್ಲಿದೆ. ಚಿತ್ರೋತ್ಸವದ ಬಾಗಿಲಿನಿಂದ ಕೂಗಳತೆ ದೂರದಲ್ಲಿ, ಸ್ಟಿಲ್‌ವೆಲ್ ಅವೆನ್ಯೂ ಮೂಲೆಯಲ್ಲಿ, 1925ರ ಶೋರ್ ಥಿಯೇಟರ್ ನಿಂತಿದೆ. ಎರಡು ಸಾವಿರಕ್ಕೂ ಹೆಚ್ಚು ಜನ ಕೂರಬಹುದಾಗಿದ್ದ ಸಿನಿಮಾ ಮಂದಿರ. ರೈಲು ನಿಲ್ದಾಣದಿಂದ ಇಳಿದವರಿಗೆ ಮೊದಲು ಕಾಣುವುದೇ ಅದರ ಗೋಡೆ. 2010ರಲ್ಲಿ ಅದಕ್ಕೆ ಪಾರಂಪರಿಕ ಮಾನ್ಯತೆ ಕೊಟ್ಟ ನಗರ, ಒಳಗೆ ದಶಕಗಳಿಂದ ಕವಿದ ಕತ್ತಲನ್ನು ಹಾಗೇ ಬಿಟ್ಟಿದೆ. ಕಟ್ಟಡ ಈಗ ಖಾಸಗಿಯವರದು, ಹೋಟೆಲ್ ಮಾಡುವ ಮಾತಿದೆ. 2009ರಲ್ಲಿ ಏಳು ಎಕರೆ ಕೊಳ್ಳಲು ಹಣ ಹುಡುಕಿದ ನಗರಾಡಳಿತಕ್ಕೆ ಇಲ್ಲಿ ಒಂದು ಪರದೆ, ಕೆಲವು ನೂರು ಕುರ್ಚಿ, ವರ್ಷವಿಡೀ ದುಡಿಯುವ ಪ್ರೊಜೆಕ್ಟರ್ ಕೋಣೆ ಉಳಿಸಿಕೊಳ್ಳುವುದು ಅಸಾಧ್ಯವೇನಲ್ಲ. ಹೋಟೆಲಿನ ಅನುಮತಿ ಪತ್ರಕ್ಕೆ ಸಹಿ ಹಾಕುವ ಮೊದಲು ಆ ಷರತ್ತನ್ನು ಬರೆಸಬೇಕು, ಆ ಕೋಣೆಯ ಬೀಗದ ಕೈ ಸರ್ಫ್ ಅವೆನ್ಯೂದಲ್ಲಿ ಈಗಾಗಲೇ ಸಿನಿಮಾ ತೋರಿಸುತ್ತಿರುವವರಿಗೆ ಸಿಗಬೇಕು.